ಖಾಲಿ ಡಬ್ಬಕ್ಕೆ ಯಾರ ಹೆಸರು?

ಕಂಪ್ಯೂಟರಿಗೆ ಅರ್ಥವಾದದ್ದು ಮನುಷ್ಯನಿಗೂ ಅರ್ಥವಾಗಬೇಕೆಂಬ ನಿಯಮವಿಲ್ಲ. ಹಾಗಾಗಿ ನಮ್ಮ ಕಸುಬಿನಲ್ಲಿ ಫಜೀತಿಯ ಪ್ರಸಂಗಗಳಿಗೆ ಯಾವತ್ತೂ ಬರವಿಲ್ಲ. ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣದ ಒಂದು ಮಹಡಿ ಕೋಣೆಯಲ್ಲಿ ನಾನೂ ನನ್ನ ಪಾಲುದಾರನೂ ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ಈಗ ನಗು ಬರುತ್ತದೆ. ಆಗ ಹೆದರಿಕೆಯೇ ಹೆಚ್ಚಿತ್ತು.

ಚಿನ್ನದ ಪುಡಿ

ಪಾಲುದಾರ ನಾಗಮಂಗಲದ ಅಕ್ಕಸಾಲಿಗರ ಮನೆಯವನು. ಅಂಗಡಿಯ ಕಸವನ್ನೂ ಬಿಸಾಡದೆ, ಜಾಲಿಸಿ ಚಿನ್ನದ ಪುಡಿ ತೆಗೆಯುವ ಮನೆತನ. ಅಕ್ಷರಗಳನ್ನೂ ಇವನು ಹಾಗೇ ಉಳಿಸುತ್ತಿದ್ದ. ಒಂದು ಹಾಲಿನ ಡೇರಿಯ ಲೆಕ್ಕಕ್ಕೆ ಬರೆದ ಪ್ರೋಗ್ರಾಂನಲ್ಲಿ ಹಾಲಿನ ಅಳತೆ ಇಡುವ ಜಾಗಕ್ಕೆ 'ಎ' ಎಂದು ಹೆಸರು, ಕೊಬ್ಬಿನ ಅಂಶಕ್ಕೆ 'ಬಿ'. ಸಾಲುಗಳ ನಡುವೆ ಜಾಗ ಬಿಡುವುದು ಅವನ ಪ್ರಕಾರ ದುಂದು. ಗೌರಿಹಬ್ಬಕ್ಕೆ ಊರಿಗೆ ಹೋಗಿ ಬಂದವನು ತಾನೇ ಬರೆದದ್ದನ್ನು ಮೇಲಿಂದ ಕೆಳಗೆ ಎರಡು ಸಲ ಓದಿದ. ಆಮೇಲೆ ಗಂಭೀರವಾಗಿ ಕೇಳಿದ:

"ಯಾವನ್ಲಾ ಇದನ್ನ ಬರ್ದೋನು? ನಾನಿಲ್ದಾಗ ಯಾರಾದ್ರೂ ಬಂದಿದ್ರಾ?"

ನಾಮಕರಣ

ಆ ಡೇರಿ ಅರಕೆರೆ ಕಡೆಯ ಒಂದು ಹಳ್ಳಿಯದು. "ಓದಿದವರಿಗೆ ತಿಳಿಯೋ ಹಾಗೆ ಹೆಸರಿಡಪ್ಪ" ಎಂದು ಬೇಡಿಕೊಂಡೆ. ಮಾರನೆಯ ದಿನ ನೋಡಿದರೆ ಹಾಲಿನ ಜಾಗಕ್ಕೆ 'ಬೋರೇಗೌಡ', ಕೊಬ್ಬಿನ ಜಾಗಕ್ಕೆ 'ಕಾಳಮ್ಮ'! ಡೇರಿಗೆ ಹಾಲು ಹಾಕುವವರ ಹೆಸರುಗಳನ್ನೇ ಸಾಲಾಗಿ ಇಟ್ಟಿದ್ದ.

"ಇದೇನೋ?"

"ಆ ಊರಲ್ಲಿ ಇವ್ರು ಗೊತ್ತಿಲ್ದೋರು ಯಾರವ್ರೆ ಏಳು?"

ಮಾವನವರ ಮುಂದೆ

ನಮ್ಮಲ್ಲಿ ಟೈಪ್ ಮಾಡುತ್ತಿದ್ದ ಹೆಣ್ಣುಮಗಳು ಮದುವೆಯಾಗಿ ಆ ಡೇರಿಯ ಊರನ್ನೇ ಸೇರಿದಳು. ಸೊಸೆ ಕೆಲಸ ಮಾಡಬೇಕೋ ಬಿಡಬೇಕೋ ತೀರ್ಮಾನಿಸಲು ಮಾವನವರೇ ಬಸ್ಸು ಹತ್ತಿ ಬಂದು ಕುರ್ಚಿಯಲ್ಲಿ ಕೂತರು. ಅವಳಿಗೆ ಆ ಕೆಲಸವೆಂದರೆ ಪ್ರಾಣ. ಅವಳಿಲ್ಲದಿದ್ದರೆ ನಮಗೂ ಕೈ ಕಟ್ಟಿದಂತೆ.

ಅವಳು ಪರದೆ ನೋಡಿ ಗಟ್ಟಿಯಾಗಿ ಓದುವುದು, ನಾನು ಕಾಗದದಲ್ಲಿ ತಾಳೆ ನೋಡುವುದು ನಮ್ಮ ಪದ್ಧತಿ. ಅವತ್ತು ಎರಡು ಸಾಲು ಓದಿದವಳು ಗಕ್ಕನೆ ಓದು ನಿಲ್ಲಿಸಿದಳು. ಕಣ್ಣಲ್ಲಿ ನೀರು.

"ಯಾಕವ್ವಾ, ಓದಕ್ಕೆ ಬರಾಕಿಲ್ವಾ?" ಎಂದರು ಮಾವ.

ನಾನು ಬಗ್ಗಿ ಪರದೆ ನೋಡಿದೆ. ಅಲ್ಲಿದ್ದದ್ದು ಬೋರೇಗೌಡ. ಕುರ್ಚಿಯಲ್ಲಿದ್ದವರೂ ಅವರೇ. ಸೊಸೆ ಮಾವನ ಹೆಸರು ಹೇಳುವುದುಂಟೇ?

ಪಾಲುದಾರ ಅವರ ಹೆಸರಿಟ್ಟ ವಿಷಯ ತಿಳಿಸಿದೆ. ಗೌಡರ ಮುಖ ಅರಳಿತು. "ಕಂಪೂಟ್ರಲ್ಲಿ ನನ್ನೆಸ್ರಾ? ಓದವ್ವ, ನಾನೇ ಏಳ್ತಾ ಇವ್ನಿ."

ಅವಳು ಎದ್ದು ನಿಂತು, ತಲೆಯ ಮೇಲೆ ಸೆರಗು ಹೊದ್ದು, ಮೆಲ್ಲಗೆ ಓದಿದಳು: "ಬೋರೇಗೌಡ ಈಕ್ವಲ್ ಟು ಸೊನ್ನೆ."

"ನಾನು ಸೊನ್ನೇನಾ?"

ಪಾಲುದಾರ ಮೆಲ್ಲಗೆ ಬೀರುವಿನ ಹಿಂದೆ ಸರಿದ. ಇವಳ ಕೆಲಸ ಹೋಯಿತು ಎಂದುಕೊಂಡೆ.

"ಇಲ್ಲ ಮಾವ," ಎಂದಳು ಸೊಸೆ. "ಅದು ಹಾಲಿನ ಡಬ್ಬ ಇದ್ದಂಗೆ. ಕರೆಯಕ್ಕೆ ಮುಂಚೆ ಖಾಲಿ ಮಾಡ್ಕೋಬೇಕಲ್ವಾ? ಬೆಳಗಿನ ಹಾಲಿಗೆ ಸಂಜೆ ಹಾಲು ಸೇರ್ಕಂಡ್ರೆ ಲೆಕ್ಕ ಕೆಟ್ಟೋಯ್ತದೆ."

ಗೌಡರು ಮೀಸೆ ನೀವಿಕೊಳ್ಳುತ್ತ ಯೋಚಿಸಿದರು. "ನೀನೇಳಿದ್ದು ತಿಳೀತು ಕಣವ್ವ. ನಾಳೆಯಿಂದ ಬಾ, ನಾನೇ ಬಸ್ಸತ್ತುಸ್ತೀನಿ" ಎಂದು ಎದ್ದರು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಬಾಗಿಲಲ್ಲಿ ಗೌಡರು ತಿರುಗಿ ನಿಂತು, ಬೀರುವಿನ ಕಡೆ ಕೈ ತೋರಿಸಿದರು:

"ಆದ್ರೆ ಸ್ವಾಮಿ, ಆ ಖಾಲಿ ಡಬ್ಬಕ್ಕೆ ನನ್ನೆಸ್ರು ಬ್ಯಾಡ. ಅಲ್ಲಿ ಅವಿತ್ಕಂಡವ್ನಲ್ಲ, ಅವನ ಎಸ್ರೇ ಮಡಗಿ!"