ಕರಾಚಿಯಿಂದ ಬಳ್ಳಾರಿಗೆ ನೆಟ್ಟಗ ಒಂದು ನೂಲು

ಕುಕನೂರ ಸಾಲಿಯೊಳಗ ನಾನು ಭೂಗೋಳದ ಮಾಸ್ತರ. ಯಾವ ಎರಡು ಊರು ಹೇಳಿದ್ರೂ ಕುಂತಲ್ಲೇ ನಡುವಿನ ದೂರ ಹೇಳ್ತೀನಂತ ಭಾಳ ಸೊಕ್ಕಿತ್ತು. ನಾ ಸ್ವತಃ ಬಳ್ಳಾರಿ ದಾಟಿ ಹೋದಾಂವಲ್ಲ, ಆ ಮಾತು ಬ್ಯಾರೆ.

ಆ ಸೋಮವಾರ ಮುಂಜಾನೆ ನಮ್ಮ ಕಾಕಾನ ಜಡ್ಡು ಜೋರಾತು. ವೈದ್ಯರು ನಾಡಿ ಹಿಡದು, "ಐದಾರು ದಿನದ ಮಾತರಿ" ಅಂದ್ರು. ಕಾಕಾನ ಒಬ್ಬನೇ ಮಗ ಶಂಕ್ರಪ್ಪ ಕರಾಚಿಯೊಳಗ ಅರಿವಿ ಅಂಗಡಿ ಗುಮಾಸ್ತ. "ಶಂಕ್ರನ ಮುಖಾ ನೋಡಿ ಹೋಗ್ತೀನಿ" ಅಂತ ಕಾಕಾ ಅದೊಂದನ್ನೇ ಹಿಡದಿದ್ದ.

"ತಾರು ಕೊಡು ತಮ್ಮಾ. ರೈಲಿಗೆ ನಾಕು ದಿನ. ಶುಕ್ರವಾರ ಬಂದು ಮುಟ್ಟತಾನ" ಅಂದಳು ಕಾಕು.

ನಾಕು ದಿನ! ಭೂಗೋಳದ ಮಾಸ್ತರ ಮನಿಯೊಳಗಿದ್ದು ನಾಕು ದಿನ? ಸಾಲಿಯ ನಕಾಶೆ ತಂದು ಹಾಸಿ, ಕರಾಚಿಯಿಂದ ಬಳ್ಳಾರಿತನಕ ನೆಟ್ಟಗ ನೂಲು ಎಳದೆ. ಒಂಬೈನೂರು ಚಿಲ್ಲರೆ ಮೈಲಿ. ಆಗ ಕರಾಚಿಯಿಂದ ಬಳ್ಳಾರಿಗೆ ಟಪಾಲಿನ ವಿಮಾನ ಬರಲಿಕ್ಕೆ ಹತ್ತಿತ್ತು. ಬುಧವಾರ ಅಲ್ಲಿ ಬಿಟ್ರ ಗುರುವಾರ ಇಲ್ಲಿ. ಇಡೀ ಒಂದು ದಿನ ಉಳೀತು.

"ಅದರಾಗ ಮಂದಿನ್ನ ಕುಂದ್ರಸ್ತಾರೇನ್ರಿ?" ಅಂದಳು ನನ್ನ ಹೆಂಡತಿ.

"ಟಪಾಲಿನ ಮೋಟಾರದಾಗ ನಾವು ಕುಂದ್ರೂದಿಲ್ಲೇನು? ನಿನಗ ತಿಳೀದಿಲ್ಲ, ಸುಮ್ಮನಿರು."

ಕೊಪ್ಪಳಕ್ಕ ಹೋಗಿ ತಾರು ಕೊಟ್ಟೆ: "ತಂದೆ ಸ್ಥಿತಿ ಗಂಭೀರ. ರೈಲು ಬೇಡ. ವಿಮಾನದಲ್ಲಿ ಬಾ."

ಗುರುವಾರ ಬಳ್ಳಾರಿ ಬಯಲಿನೊಳಗ ನಿಂತೆ. ನಾ ಹೇಳಿದ ದಿನಾನೇ ವಿಮಾನ ಬಂತು, ನನ್ನ ಎದಿ ಉಬ್ಬಿತು. ನಡಸೂ ಸಾಹೇಬ ಇಳದ. ಆಮ್ಯಾಲ ಎರಡು ಟಪಾಲಿನ ಚೀಲ ಇಳದವು. ಆಮ್ಯಾಲ ಯಾರೂ ಇಳೀಲಿಲ್ಲ. ಹತ್ರ ಹೋಗಿ ಬಗ್ಗಿ ನೋಡಿದೆ. ಒಳಗ ಶಂಕ್ರಪ್ಪ ಕುಂದ್ರೂದಿರಲಿ, ಅವನ ಗಂಟು ಇಡಾಕೂ ಜಾಗಾ ಇರಲಿಲ್ಲ.

ಮನಿಗೆ ಬಂದ್ರ ಕಾಕಾ ಕಣ್ಣು ತೆರೆದು, "ಬಂದನೇನು?" ಅಂದ.

"ದಾರಿಯೊಳಗ ಅದಾನ, ಕಾಕಾ."

ಶುಕ್ರವಾರ ಇಡೀ ದಿನ ಬಾಗಿಲ ಕಡೆ ಮುಖಾ ಮಾಡಿ ಮಲಗಿದ್ದ. ಶನಿವಾರ ಮಧ್ಯಾಹ್ನ ಹೋಗಿಬಿಟ್ಟ. ಸಂಜಿಗೆ ಮಣ್ಣು ಕೊಟ್ಟು ಬಂದಿವಿ.

ರವಿವಾರ ಶಂಕ್ರಪ್ಪ ಬಂದ, ರೈಲಿಗೆ. ಅತ್ತು ಅತ್ತು ಸಾಕಾಗಿ ಕಂಬಕ್ಕ ಆತುಕೊಂಡು ಕುಂತು ಹೇಳಿದ: "ಸೋಮವಾರ ಸಂಜಿಗೇ ತಾರು ಮುಟ್ಟಿತ್ತು. ಅವತ್ತಿನ ರೈಲು ಬಿಟ್ಟು ವಿಮಾನದ ಬಯಲಾಗ ಹೋಗಿ ಕುಂತೆ. ಬುಧವಾರ ಅವರು ಬರೇ ಟಪಾಲು ಹಾಕ್ಕೊಂಡು ಹಾರಿ ಹೋದ್ರು."

"ಮಂದಿನ್ನ ಕುಂದ್ರಸ್ತಾರೋ ಇಲ್ಲೋ, ಮೊದಲ ಯಾರನ್ನಾರ ಕೇಳಬಾರದೇನೋ ಯಪ್ಪಾ?" ಅಂದಳು ಕಾಕು.

"ಕೇಳಿದೆನವ್ವಾ. ಇಲ್ಲಂತ ಮಂಗಳವಾರಾನೇ ಹೇಳಿದ್ರು. ನಾನೇ ನಂಬಲಿಲ್ಲ. ನಮ್ಮಣ್ಣ ಮಾಸ್ತರ ಅದಾನ, ತಿಳೀದ ಬರಿಯಾಂವಲ್ಲ ಅಂತ ಅವರ ಕೂಡ ಜಗಳಾ ಆಡಿದೆ."

ಎಲ್ಲಾರೂ ನನ್ನ ಕಡೆ ತಿರುಗಿದ್ರು. ನನ್ನ ವಿದ್ಯಾದ ಮ್ಯಾಲ ಅಷ್ಟು ನಂಬಿಗಿ ಇಟ್ಟಾಂವ ಇಡೀ ಭೂಗೋಳದೊಳಗ ಅವನೊಬ್ಬನೇ ಇದ್ದ.