ರಾಯರ ಅರ್ಧ ಬೆಲೆಯ ಡ್ರಿಲ್

ಅತ್ತೆ ಉಡುಗೊರೆ ಕೊಟ್ಟ ಸಾಗುವಾನಿ ಚೌಕಟ್ಟಿನ ಕನ್ನಡಿ ಬಂದ ದಿನದಿಂದಲೂ ನಡುಮನೆಯ ನೆಲದ ಮೇಲೆ, ಮೇಷ್ಟ್ರು ಗೋಡೆಗೆ ನಿಲ್ಲಿಸಿದ ಹುಡುಗನ ಹಾಗೆ ನಿಂತಿತ್ತು. ಅದರಲ್ಲಿ ಪ್ರೂಫ್ ರಾಯರಿಗೆ ಕಾಣುತ್ತಿದ್ದುದು ತಮ್ಮ ಮೊಣಕಾಲು ಮಾತ್ರ.

ಭಾನುವಾರ ಬೆಳಿಗ್ಗೆ ಹೆಂಡತಿ ಫೋನ್ ಕೆಳಗಿಟ್ಟವಳೇ ಬಾಂಬು ಹಾಕಿದಳು. "ಸಂಜೆ ಅಮ್ಮ ಬರ್ತಾರಂತೆ. ಕನ್ನಡಿ ನೋಡಿ ಏನಂತಾರೆ ಗೊತ್ತಲ್ಲ? ಚಿಕ್ಕ ಅಳಿಯಂದಿರಾಗಿದ್ರೆ ಅವತ್ತೇ ಹಾಕಿರೋರು ಅಂತಾರೆ."

ರಾಯರ ಕಿವಿಗೆ ಕಾದ ಎಣ್ಣೆ ಬಿತ್ತು. ಆ ಷಡ್ಡಕ ಮನೆಯ ನಲ್ಲಿಯನ್ನು ತಾನೇ ಬಿಚ್ಚಿ ತಾನೇ ಜೋಡಿಸುವಂಥ ಪ್ರಾಣಿ.

"ಡ್ರಿಲ್ ತರ್ತೀನಿ!"

"ನಾಲ್ಕು ತೂತಿಗೆ ಡ್ರಿಲ್ಲಾ? ಬಡಗಿ ಕರೀರಿ."

"ಬಡಗಿ ಬಂದು ಹೋಗ್ತಾನೆ ಕಣೆ. ಡ್ರಿಲ್ ಜನ್ಮಪೂರ್ತಿ ಇರತ್ತೆ!" ಎನ್ನುತ್ತಾ ರಾಯರು ಚಪ್ಪಲಿ ಮೆಟ್ಟಿ ಓಡಿದರು.

ಅಂಗಡಿಯಲ್ಲಿ ರಾಯರು ಹೆಣ್ಣು ನೋಡಲು ಬಂದ ಸೋದರಮಾವನಂತೆ ಎಲ್ಲ ವಿಚಾರಿಸಿದರು. ಗೋಡೆ ಕೊರೆಯತ್ತಾ? ಹ್ಯಾಮರ್ ಇದೆಯಾ? ಗ್ಯಾರಂಟಿ ಎಷ್ಟು ವರ್ಷ? ಕೊನೆಗೆ ಒಂದು ಮೂಲೆಯಲ್ಲಿ, ಪಕ್ಕದ ಡ್ರಿಲ್ಲಿನ ತದ್ರೂಪು ಅವಳಿಯೊಂದು ಅರ್ಧ ಬೆಲೆಯ ಚೀಟಿ ಅಂಟಿಸಿಕೊಂಡು ಕೂತಿರುವುದು ಕಂಡಿತು. ರಾಯರು ಅದನ್ನು ಲಬಕ್ಕನೆ ಎತ್ತಿಕೊಂಡರು.

"ಸಾರ್, ಇದರ ವಿಷಯ ಬಾಕ್ಸ್ ಮೇಲೇ ಬರೆದಿದೆ, ಓದ್ಕೊಂಡ್ಬಿಡಿ," ಎಂದ ಅಂಗಡಿಯವನು.

"ವಾರವೆಲ್ಲಾ ಓದೋದೇ ನನ್ನ ಕೆಲಸ. ಇವತ್ತು ರಜಾ! ಕಟ್ಟಪ್ಪಾ ಬೇಗ!"

ಅಚ್ಚಿನ ಮನೆಯಲ್ಲಿ ಪ್ರೂಫ್ ನೋಡುತ್ತಾ ಊರವರ ತಪ್ಪನ್ನೆಲ್ಲ ತಿದ್ದುವ ರಾಯರು ಭಾನುವಾರ ಒಂದಕ್ಷರವನ್ನೂ ಓದುವುದಿಲ್ಲವೆಂದು ವ್ರತ ತೊಟ್ಟಿದ್ದರು.

ಮನೆಗೆ ಬಂದು ಡಬ್ಬ ಬಿಚ್ಚಿ, ಡ್ರಿಲ್ಲನ್ನು ಗೋಡೆಗೆ ಗುರಿಯಿಟ್ಟು ಗುಂಡಿ ಒತ್ತಿದರು. ಉಸಿರಿಲ್ಲ. ತಿರುಗಿಸಿ ನೋಡಿದರೆ ಹಿಡಿಯ ಕೆಳಗೆ ಹಲ್ಲಿಲ್ಲದ ಬಾಯಿಯಂಥ ಪೊಟರೆ.

ಹೆಂಡತಿ ಡಬ್ಬ ಎತ್ತಿ ಗಟ್ಟಿಯಾಗಿ ಓದಿದಳು. "ಬ್ಯಾಟರಿ, ಚಾರ್ಜರ್ ಪ್ರತ್ಯೇಕ." ಆಮೇಲೆ ಅಂಗಡಿಗೆ ಫೋನ್ ಮಾಡಿ ವಿಚಾರಿಸಿದಳು. "ಅವೆರಡರ ಬೆಲೆ ಡ್ರಿಲ್‌ಗಿಂತ ಜಾಸ್ತಿಯಂತೆ. ವಾಪಸ್ ತಗೊಳ್ಳಲ್ವಂತೆ."

ಅಷ್ಟರಲ್ಲಿ ಮಹಡಿ ಮನೆಯ ನಿವೃತ್ತ ಕಂಡಕ್ಟರು ವಾಸನೆ ಹಿಡಿದವರಂತೆ ಇಳಿದು ಬಂದರು. "ಅರೆ, ಇದೇ ಕಂಪನಿ ಬ್ಯಾಟರಿ ನನ್ನ ಹತ್ರ ಇದೆಯಲ್ರೀ! ನನ್ನ ಡ್ರಿಲ್ಲು ಸುಟ್ಟು ಹೋಯ್ತು, ಬ್ಯಾಟರಿ ಒಂಟಿಯಾಗಿ ಕೂತಿದೆ."

ರಾಯರು ಅವರನ್ನು ಅಪ್ಪಿಕೊಳ್ಳುವುದೊಂದು ಬಾಕಿ.

"ಆದ್ರೆ ಬ್ಯಾಟರಿ ನಂದು. ಮೊದಲು ನಮ್ಮನೆ ತೂತು. ರೈಟ್ ರೈಟ್?"

ಕಂಡಕ್ಟರ ಮನೆಯ ಗೋಡೆಗಳಲ್ಲಿ ಪರದೆಗೆ, ಗಡಿಯಾರಕ್ಕೆ, ಪೊರಕೆಗೆ, ಕೊಡೆಗೆ, ಕೊನೆಗೆ ಕಂಡಕ್ಟರು ಊದುತ್ತಿದ್ದ ಹಳೆಯ ಸೀಟಿಗೂ ಒಂದೊಂದು ತೂತಾಯಿತು. ರಾಯರ ತಲೆ ಸುಣ್ಣದ ಗೂಡಾಯಿತು. ಬ್ಯಾಟರಿ ಗಕ್ಕೆಂದು ನಿಂತಿತು. ಚಾರ್ಜಿಗಿಟ್ಟು, ಕೆಂಪು ದೀಪ ಹಸಿರಾಗುವುದನ್ನು ರಾಯರು ಹಾಲು ಉಕ್ಕುವುದನ್ನು ಕಾಯುವವರಂತೆ ಕಾದರು.

ದೀಪ ಹಸಿರಾದದ್ದೇ ತಡ, ರಾಯರ ನಡುಮನೆಯ ಗೋಡೆ ಗುಡುಗಿತು! ನಾಲ್ಕು ತೂತು, ನಾಲ್ಕು ಸ್ಕ್ರೂ. ಕನ್ನಡಿ ಗೋಡೆಗೆ ಬೇರು ಬಿಟ್ಟಂತೆ ಕೂತಿತು. ಅದರಲ್ಲಿ ರಾಯರು ಮೊದಲ ಬಾರಿಗೆ ತಮ್ಮ ಮುಖ ಕಂಡರು. ಸುಣ್ಣದ ಪುಡಿಯಲ್ಲೂ ಅದು ಗೆದ್ದವನ ಮುಖ.

ಹೊರಗೆ ಗೇಟು ಕಿರ್ರೆಂದಿತು. ಅತ್ತೆ ಒಳಗೆ ಬಂದರು, ಕನ್ನಡಿ ನೋಡಿದರು, ಕೆನ್ನೆಗೆ ಕೈಯಿಟ್ಟರು.

"ಅಯ್ಯೋ, ಈಗ್ಯಾಕೆ ಹಾಕಿದ್ರಿ ಅಳಿಯಂದಿರೇ! ಇಷ್ಟು ದಿನ ನೆಲದ ಮೇಲಿತ್ತಲ್ಲ, ನಿಮಗೆ ಹಿಡಿಸಲಿಲ್ಲ ಅಂದ್ಕೊಂಡೆ. ಚಿಕ್ಕವಳಿಗೆ ಕೊಡ್ತೀನಿ ಅಂತ ಮಾತು ಕೊಟ್ಬಿಟ್ಟೆ. ಚಿಕ್ಕ ಅಳಿಯಂದಿರು ಗಾಡೀನೂ ತಂದಿದ್ದಾರೆ."

ಹಿಂದೆಯೇ ಷಡ್ಡಕ ಬಂದ. ಸ್ಕ್ರೂಗಳನ್ನು ಮುಟ್ಟಿ ನೋಡಿ ತಲೆದೂಗಿದ. "ಭಲೇ ಬಿಗಿ ಅಣ್ಣಾ! ಪರವಾಗಿಲ್ಲ, ಈ ಡ್ರಿಲ್ಲೇ ಹಿಂದಕ್ಕೆ ತಿರುಗತ್ತೆ."

"ರಿವರ್ಸ್ ಬರ್ಲಿ, ಬರ್ಲಿ!" ಎಂದು ಕಂಡಕ್ಟರು ಮೆಟ್ಟಿಲ ಮೇಲಿಂದಲೇ ಹುರಿದುಂಬಿಸಿದರು.

ಕನ್ನಡಿ ಹೊರಟಿತು. ಷಡ್ಡಕ ಬಾಗಿಲಲ್ಲಿ ಹಿಂದಿರುಗಿ ಡ್ರಿಲ್ಲನ್ನೂ ಎತ್ತಿಕೊಂಡ. "ನಮ್ಮನೇಲೂ ತೂತು ಹೊಡೀಬೇಕಲ್ಲ ಅಣ್ಣಾ, ಎರಡು ದಿನ."

"ಹೋಲ್ಡಾನ್! ಬ್ಯಾಟರಿ ಇಲ್ಲೇ ಇಳೀಬೇಕು," ಎಂದರು ಕಂಡಕ್ಟರು.

"ಇಟ್ಕೊಳ್ಳಿ ಸಾರ್, ಇದೇ ಕಂಪನಿ ಗರಗಸದ ಬ್ಯಾಟರಿ ನಮ್ಮನೇಲೂ ಇದೆ."

ಬಾಗಿಲು ಮುಚ್ಚಿತು. ಗೋಡೆಯ ನಾಲ್ಕು ತೂತುಗಳು ರಾಯರನ್ನು ಪಿಳಿಪಿಳಿ ನೋಡಿದವು.

"ಈ ಖಾಲಿ ಡಬ್ಬ ಏನ್ಮಾಡ್ಲಿ?" ಹೆಂಡತಿ ಕೇಳಿದಳು.

ರಾಯರು ಅದನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಕನ್ನಡಕ ಏರಿಸಿ ಮೊದಲ ಅಕ್ಷರದಿಂದ ಓದುತ್ತ ಹೋದರು. ಕೊನೆಯ ಸಾಲಿನಲ್ಲಿ ಒಂದು ಅಚ್ಚಿನ ತಪ್ಪು ಸಿಕ್ಕಿತು. ಕಿಸೆಯಿಂದ ಕೆಂಪು ಪೆನ್ನು ತೆಗೆದು, ಅದನ್ನು ತಿದ್ದಿದರು.