ಹೆಬ್ಬಾವಿನ ಮೊಟ್ಟೆಗೆ ಬೂಷ್ಟು

ಚೆನ್ನೈ ಅಂಚಿನ ಒಂದು ಸಣ್ಣ ಹಾವಿನ ಪಾರ್ಕಿನಲ್ಲಿ ನನಗೆ ಮೊಟ್ಟೆಗಳನ್ನು ನೋಡಿಕೊಳ್ಳುವ ಕೆಲಸ. ಕೇಳಿದವರು ನನ್ನನ್ನು ಬಹಳ ಧೈರ್ಯವಂತೆ ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಹಾವಿಗೂ ನನಗೂ ಅಷ್ಟೇನೂ ವ್ಯವಹಾರವಿಲ್ಲ. ನನ್ನ ಜಗಳವೆಲ್ಲ ಬೂಷ್ಟಿನ ಜೊತೆ. ಕಾವುಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟರೆ ಸಾಕು, ಪ್ರತಿ ವರ್ಷ ಏನಾದರೊಂದು ಆಗಿಯೇ ಆಗುತ್ತದೆ, ಯಾರಾದರೊಬ್ಬರು ಬುದ್ಧಿ ಹೇಳಿಯೇ ಹೇಳುತ್ತಾರೆ.

ಹೋದ ವರ್ಷ ಹೆಬ್ಬಾವಿನ ಹನ್ನೊಂದು ಮೊಟ್ಟೆಗಳೂ ಬೂಷ್ಟಿಗೆ ಹೋದವು. ಈ ವರ್ಷ ಅದೇ ಮುದಿ ಹೆಬ್ಬಾವು ಒಂಬತ್ತು ಇಟ್ಟಿತು. ಪಾರ್ಕಿನ ಮುಖ್ಯಸ್ಥೆ, ನಮ್ಮ ಮೇಡಂ, ನನ್ನನ್ನು ಕರೆದು ತಮಿಳಿನಲ್ಲಿ ಮೆತ್ತಗೆ ಹೇಳಿದರು: "ಈ ಸಲವೂ ಹೋದರೆ ಕಾವುಪೆಟ್ಟಿಗೆ ಮುಚ್ಚಿಬಿಡೋಣಮ್ಮ. ನೀನು ಟಿಕೆಟ್ ಕೌಂಟರಿನಲ್ಲಿ ಕೂತುಕೋ." ಅವರು ಕೂಗಾಡಿದ್ದರೆ ಪರವಾಗಿರಲಿಲ್ಲ. ಮೆತ್ತಗೆ ಹೇಳಿದ್ದರಿಂದ ನಿಜವಾಗಿಯೂ ಮುಚ್ಚುತ್ತಾರೆ ಎಂದು ಗೊತ್ತಾಯಿತು. ಹನ್ನೆರಡು ವರ್ಷದಿಂದ ಮಾಡುತ್ತಿರುವ ಕೆಲಸ, ನನಗೆ ಇಷ್ಟವಾದ ಕೆಲಸ.

ಮೂರನೆಯ ವಾರಕ್ಕೆ ಎರಡು ಮೊಟ್ಟೆ ಹಳದಿಯಾಗಿ ಕುಗ್ಗಿದವು. ಟಾರ್ಚ್ ಹಿಡಿದು ನೋಡಿದರೆ ಒಳಗೆ ಜೀವವಿದ್ದರೆ ಕಾಣುವ ರಕ್ತದ ನರ ಒಂದೂ ಇರಲಿಲ್ಲ. ಎತ್ತಿ ಎಸೆದೆ. ಅಷ್ಟರಲ್ಲಿ ಅವುಗಳ ಬೂಷ್ಟು ಪಕ್ಕದವಕ್ಕೂ ಹತ್ತಿಕೊಂಡಿತ್ತು.

೧. ಕಾಲಿನ ಪೌಡರು

ಮೊಟ್ಟೆಯ ಬೂಷ್ಟಿಗೆ ನಮ್ಮವರು ಕಂಡುಕೊಂಡ ಒಂದು ಉಪಾಯವಿದೆ. ಮನುಷ್ಯರ ಕಾಲ್ಬೆರಳಿನ ಸಂದಿಗೆ ಫಂಗಸ್ ಬಂದರೆ ಹಚ್ಚುತ್ತಾರಲ್ಲ, ಆ ಪೌಡರನ್ನು ಒಣ ಬ್ರಷ್‌ನಲ್ಲಿ ತೆಳ್ಳಗೆ ಸವರುವುದು. ಅದನ್ನು ತರಲು ಕೋಡಂಬಾಕ್ಕಂನಲ್ಲಿ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವರು ವಯಸ್ಸಾದವರು, ವಿಚಾರಿಸದೆ ಒಂದು ಮಾತ್ರೆಯನ್ನೂ ಕೊಡುವವರಲ್ಲ.

"ಯಾರಿಗಮ್ಮ?"

"ಕೆಲಸದ ಜಾಗದಲ್ಲಿ ಬೇಕು ಸಾರ್."

"ವಯಸ್ಸೆಷ್ಟು?"

"ಇಪ್ಪತ್ತು ದಿನ."

ಅವರ ಕೈ ಅಲ್ಲೇ ನಿಂತಿತು. "ಇಪ್ಪತ್ತು ದಿನದ ಕೂಸಿಗೆ ಇದನ್ನೆಲ್ಲ ಹಾಕಬಾರದು. ಡಾಕ್ಟರಿಗೆ ತೋರಿಸಿ."

"ಕೂಸಲ್ಲ ಸಾರ್, ಹಾವಿನ ಮೊಟ್ಟೆ."

ಅವರು ಬೆಚ್ಚಲಿಲ್ಲ. ಅಂಗಡಿ ಇಟ್ಟು ಎಷ್ಟು ವರ್ಷವಾಯಿತೋ, ಎಂತೆಂಥ ಗಿರಾಕಿಗಳನ್ನು ನೋಡಿದ್ದಾರೋ. ಕನ್ನಡಕ ಹಾಕಿಕೊಂಡು ಡಬ್ಬದ ಹಿಂದೆ ಬರೆದದ್ದನ್ನು ಗಟ್ಟಿಯಾಗಿ ಓದಿದರು. "ಕಾಲ್ಬೆರಳುಗಳ ನಡುವೆ ದಿನಕ್ಕೆ ಎರಡು ಸಲ ಹಚ್ಚಬೇಕು." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹಾವಿಗೆ ಕಾಲಿರೋದಿಲ್ಲ, ಅಲ್ಲವಾ?"

"ಇರೋದಿಲ್ಲ ಸಾರ್."

ದೊಡ್ಡ ಡಬ್ಬವನ್ನು ವಾಪಸು ಇಟ್ಟು, "ಹಾಗಾದರೆ ಚಿಕ್ಕದು ಸಾಕು," ಎಂದರು.

೨. ಕೋಯಂಬೇಡಿನ ಕೈ

ಬೋನು ತೊಳೆದು ಹಾವುಗಳಿಗೆ ಆಹಾರ ಹಾಕುವವರು ನಮ್ಮಲ್ಲಿ ಒಬ್ಬರಿದ್ದಾರೆ. ನಾವೆಲ್ಲ ಅಣ್ಣ ಎನ್ನುತ್ತೇವೆ. ಇಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷ ಕೋಯಂಬೇಡು ಮಾರ್ಕೆಟ್ಟಿನಲ್ಲಿ ಮಾವಿನಹಣ್ಣು ಮಾರುತ್ತಿದ್ದರು. ಕೆಲಸದಲ್ಲಿ ಅಚ್ಚುಕಟ್ಟು, ಮನಸ್ಸಿನಲ್ಲಿ ಒಂದಿಷ್ಟೂ ಕಪಟವಿಲ್ಲ.

ಕೋಳಿ ತನ್ನ ಮೊಟ್ಟೆಯನ್ನು ಹೊರಳಿಸುತ್ತದೆ. ಹಾವಿನ ಮೊಟ್ಟೆಯನ್ನು ಹಾಗೆ ಹೊರಳಿಸಬಾರದು. ಒಳಗಿನ ಮರಿ ಒಂದು ಕಡೆಗೆ ಅಂಟಿಕೊಂಡಿರುತ್ತದೆ, ತಲೆಕೆಳಗಾದರೆ ಉಸಿರುಕಟ್ಟಿ ಸಾಯಬಹುದು. ಅದಕ್ಕೇ ಇಟ್ಟ ದಿನವೇ ಪ್ರತಿ ಮೊಟ್ಟೆಯ ನೆತ್ತಿಯ ಮೇಲೆ ಪೆನ್ಸಿಲ್‌ನಿಂದ ಒಂದು ಗುರುತು ಹಾಕುತ್ತೇನೆ.

ಪೌಡರು ಸವರಿದರೂ ಬೂಷ್ಟು ಬಿಡಲಿಲ್ಲ. ಮೇಡಂ ಮೊಟ್ಟೆ ನೋಡಲು ಬರುವ ದಿನ ಬೆಳಿಗ್ಗೆ ನಾನು ಪೆಟ್ಟಿಗೆ ತೆರೆದರೆ ಏಳೂ ಮೊಟ್ಟೆಗಳು ಬೆಳ್ಳಗೆ ಫಳಫಳ ಎನ್ನುತ್ತಿದ್ದವು. ಬೂಷ್ಟಿನ ಸುಳಿವೇ ಇಲ್ಲ. ನನಗೆ ಎಂಥ ಖುಷಿಯಾಯಿತೆಂದರೆ, ಪೆನ್ಸಿಲ್ ಗುರುತೂ ಇಲ್ಲ ಎನ್ನುವುದು ಅರ್ಧ ನಿಮಿಷ ಹೊಳೆಯಲೇ ಇಲ್ಲ.

"ಅಣ್ಣ, ಬೂಷ್ಟು ಎಲ್ಲಿ?"

"ಕೆಳಗಡೆ," ಎಂದರು ಅಣ್ಣ. "ಮೇಡಂ ಬರ್ತಾರಲ್ಲ. ಕೆಟ್ಟ ಭಾಗ ಕೆಳಗೆ, ಒಳ್ಳೆ ಭಾಗ ಮೇಲೆ."

"ತಿರುಗಿಸಿ ಎಷ್ಟು ಹೊತ್ತಾಯ್ತು?"

"ನೀನು ಒಳಗೆ ಬರೋಕೆ ಮುಂಚೆ, ಈಗಷ್ಟೇ."

ಒಂದೊಂದನ್ನೇ, ಅವರು ಯಾವ ಕಡೆಯಿಂದ ತಿರುಗಿಸಿದ್ದರೆಂದು ಕೇಳಿಕೊಂಡು ಅದೇ ಕಡೆಯಿಂದ ವಾಪಸು ತಿರುಗಿಸಿದೆ. ಕೊನೆಯದನ್ನು ಸರಿಮಾಡುವಷ್ಟರಲ್ಲಿ ಮೇಡಂ ಬಂದರು. ಬಗ್ಗಿ ನೋಡಿ, "ಇಷ್ಟೊಂದು ಬೂಷ್ಟಾ?" ಎಂದು ಮುಖ ಸಣ್ಣದು ಮಾಡಿಕೊಂಡು ಹೋದರು.

ಅಣ್ಣ ನನ್ನನ್ನು ಕನಿಕರದಿಂದ ನೋಡಿದರು. "ಹೀಗೆ ಜೋಡಿಸಿದ್ರೆ ಯಾರಮ್ಮ ತಗೋತಾರೆ?"

೩. ಅಮ್ಮನ ಭರಣಿ

ನನ್ನ ಅಮ್ಮ ಮಡಿಯವಳು. ಮೊಟ್ಟೆ ಎಂಬ ಪದವನ್ನೇ ಮನೆಯಲ್ಲಿ ಆಡುವುದಿಲ್ಲ. ನನ್ನ ಕೆಲಸದ ಬಗ್ಗೆ ಮಾತಾಡಬೇಕಾದರೆ "ನಿನ್ನ ಆ ಪದಾರ್ಥ" ಎನ್ನುತ್ತಾಳೆ. ಬೂಷ್ಟಿನ ವಿಷಯಕ್ಕೆ ಬಂದರೆ ಮಾತ್ರ ಅವಳಿಗೆ ಯಾವ ಮಡಿಯೂ ಅಡ್ಡ ಬರುವುದಿಲ್ಲ. ಐವತ್ತು ವರ್ಷದಿಂದ, ಅದೂ ಮದ್ರಾಸಿನ ಈ ಬೆವರು ಸುರಿಯುವ ಹವೆಯಲ್ಲಿ, ಉಪ್ಪಿನಕಾಯಿ ಕೆಡದಂತೆ ಕಾಪಾಡಿಕೊಂಡು ಬಂದವಳು.

"ಬೂಷ್ಟು ತಾನಾಗಿ ತಾನು ಬರಲ್ಲ ಕಣೇ," ಎಂದಳು. "ಯಾರೋ ಒದ್ದೆ ಕೈ ಹಾಕಿದ್ದಾರೆ."

"ಯಾರೂ ಹಾಕಿಲ್ಲಮ್ಮ. ತೇವ ಎಷ್ಟಿದೆ ಅಂತ ಅಳೆಯೋಕೆ ಮೀಟರ್ ಇದೆ. ಎಲ್ಲಾ ಸರಿಯಾಗಿದೆ."

"ನಿನ್ ಮೀಟರ್ ಇರ್ಲಿ. ಮುಚ್ಚಳದ ಒಳಗಡೆ ಮುಟ್ಟಿ ಪಾತ್ತಿಯಾ?"

ತಮಿಳು ಸೇರಿಸಿ ಮಾತಾಡಿದಳೆಂದರೆ ಅಮ್ಮನಿಗೆ ಸಿಟ್ಟು ಬರುತ್ತಿದೆ ಎಂದರ್ಥ. ನಾನು ಮುಟ್ಟಿ ನೋಡಿರಲಿಲ್ಲ. ಮಾರನೆಯ ದಿನ ಮುಟ್ಟಿದೆ. ಮುಚ್ಚಳದ ಅಡಿಯಲ್ಲಿ ಸಾಲುಸಾಲು ಹನಿ, ಒಂದೊಂದೇ ನೇರವಾಗಿ ಮೊಟ್ಟೆಗಳ ಮೇಲೆ ಬೀಳುತ್ತಿತ್ತು. ನನಗೆ ನಾಚಿಕೆಯಾಯಿತು. ಅಂದಿನಿಂದ ಅಮ್ಮನ ಭರಣಿಗೆ ನಡೆಯುವ ಉಪಚಾರವೇ ಹೆಬ್ಬಾವಿನ ಪೆಟ್ಟಿಗೆಗೂ ನಡೆಯಿತು. ಬೆಳಿಗ್ಗೆ ಎದ್ದು ಬಂದ ಕೂಡಲೇ ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸುವುದು, ಗಾಳಿಯಾಡಲು ಹಗಲಿನಲ್ಲಿ ಸ್ವಲ್ಪ ಹೊತ್ತು ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟುವುದು. ವಾರದೊಳಗೆ ಬೂಷ್ಟು ಹರಡುವುದು ನಿಂತಿತು.

"ಇದನ್ನು ಯಾವ ಪುಸ್ತಕದಲ್ಲಿ ಓದಿದೆ?" ಎಂದರು ಮೇಡಂ.

"ಮನೆಯಲ್ಲಿ ಹಿರಿಯರೊಬ್ಬರಿದ್ದಾರೆ ಮೇಡಂ. ಐವತ್ತು ವರ್ಷದ ಅನುಭವ."

ಅಮ್ಮ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ, ಎರಡು ಹಿಡಿ ಉಪ್ಪು ಹಾಕು ಎಂದದ್ದೊಂದನ್ನು ಬಿಟ್ಟು. ಹಾಕಿಲ್ಲವೆಂದು ಅವಳಿಗೆ ಇನ್ನೂ ಹೇಳಿಲ್ಲ.

೪. ಹುಟ್ಟಿದ ಗಳಿಗೆ

ಎರಡು ತಿಂಗಳಾಗುತ್ತಿದ್ದಂತೆ ಏಳರಲ್ಲಿ ಆರು ಮೊಟ್ಟೆ ಒಡೆದು ಮರಿ ಹೊರಬಂದವು. ಏಳನೆಯದು, ಎಲ್ಲಕ್ಕಿಂತ ಹೆಚ್ಚು ಬೂಷ್ಟು ಮೆತ್ತಿದ್ದು, ಸುಮ್ಮನೆ ಕೂತಿತ್ತು. ಎಸೆದುಬಿಡು ಎಂದು ಎಲ್ಲರೂ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬೂಷ್ಟಿನ ನಡುವೆ ಒಂದು ಸಣ್ಣ ಸೀಳು, ಸೀಳಿನಲ್ಲಿ ಹೆಬ್ಬೆಟ್ಟಿನಷ್ಟು ತಲೆ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಅದು ತಲೆ ಹೊರಗಿಟ್ಟುಕೊಂಡು ಆ ದಿನವೆಲ್ಲ ನನ್ನನ್ನು ನೋಡುತ್ತಿತ್ತು, ಮೈ ಹೊರಗೆ ಬಂದದ್ದು ಮರುದಿನ ಮಧ್ಯಾಹ್ನ.

ಅಮ್ಮ ಪಂಚಾಂಗ ತೆಗೆದಳು. "ತಲೆ ಆಶ್ಲೇಷಾ, ಬಾಲ ಮಘೆ," ಎಂದಳು. "ತಲೆ ಬಂದಿದ್ದೇ ಲೆಕ್ಕ. ಗಂಡೋ, ಹೆಣ್ಣೋ?"

"ಡಾಕ್ಟರು ನೋಡಿ ಹೇಳ್ಬೇಕು."

ಕೆಲವು ವಾರದ ಮೇಲೆ ಡಾಕ್ಟರು ನೋಡಿ ಹೆಣ್ಣು ಎಂದರು. ಅಮ್ಮನ ಮುಖ ಬಾಡಿತು. "ಆಶ್ಲೇಷಾ ಹೆಣ್ಣು ಅತ್ತೆಗೆ ಆಗಿಬರಲ್ಲ ಕಣೇ."

ಮೇಡಂ ಸಂತೋಷಪಟ್ಟರು, ಆದರೆ ಪೂರ್ತಿ ಬಿಟ್ಟುಕೊಡಲಿಲ್ಲ. "ಇಷ್ಟು ಮರಿ ಸಾಕೋದಕ್ಕೆ ನಮ್ಮಲ್ಲಿ ಜಾಗವಿಲ್ಲ. ಬೇರೆ ಝೂದವರು ತೆಗೆದುಕೊಂಡರೆ ಮುಂದಿನ ವರ್ಷವೂ ಕಾವುಪೆಟ್ಟಿಗೆ ನಡೆಸೋಣ. ನೀನೇ ಮಾತಾಡು." ಗಂಡು ಮರಿಗಳನ್ನು ಕೇಳುವವರಿರಲಿಲ್ಲ. ಕರ್ನಾಟಕದ ಒಂದು ಝೂದಲ್ಲಿ ಒಂಟಿ ಗಂಡು ಹೆಬ್ಬಾವಿತ್ತು, ಅವರಿಗೆ ಹೆಣ್ಣು ಬೇಕಿತ್ತು. ಹೆಣ್ಣು ಕೊಟ್ಟರೆ ಉಳಿದವನ್ನೂ ತೆಗೆದುಕೊಳ್ಳುತ್ತೇವೆ ಎಂದಿದ್ದರು. ನಮ್ಮಲ್ಲಿದ್ದ ಹೆಣ್ಣು ಅದೊಂದೇ.

ಫೋನ್ ಮಾಡುವಾಗ ಅಮ್ಮನ ಮಾತು ಒಂದೇ ಸಮನೆ ಕಿವಿಯಲ್ಲಿತ್ತು: "ಕೊಟ್ಟ ಮನೆಯವರಿಗೆ ಮೊದಲೇ ಹೇಳಿಬಿಡು. ನಾಳೆ ನಮ್ಮ ಮೇಲೆ ಮಾತು ಬರಬಾರದು."

ಆ ಕಡೆಯ ಅಧಿಕಾರಿ ತೂಕ ಕೇಳಿದರು, ಉದ್ದ ಕೇಳಿದರು, ಏನು ತಿನ್ನುತ್ತದೆ ಎಂದು ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟೆ. "ನಿಮ್ಮ ಕಡೆಯಿಂದ ಏನಾದರೂ ಕೇಳೋದಿದೆಯಾ?" ಎಂದರು.

"ನಿಮ್ಮ ಗಂಡು ಹೆಬ್ಬಾವಿನ ತಾಯಿ ಇದೆಯಾ ಸಾರ್?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಆರು ಗಂಡು, ಒಂದು ಹೆಣ್ಣು, ಕಾವುಪೆಟ್ಟಿಗೆ, ನನ್ನ ಹನ್ನೆರಡು ವರ್ಷ, ಎಲ್ಲ ಹೋಯಿತು ಎಂದುಕೊಂಡೆ. ಟಿಕೆಟ್ ಕೌಂಟರಿನ ಕುರ್ಚಿ ಕಣ್ಣ ಮುಂದೆ ಬಂತು.

ಅವರು ದನಿ ತಗ್ಗಿಸಿದರು. "ಯಾಕೆ ಮೇಡಂ, ಹೆಣ್ಣಿಂದು ಆಶ್ಲೇಷಾನಾ?"

"ಹೌದು ಸಾರ್."

"ಧೈರ್ಯವಾಗಿ ಕಳಿಸಿಕೊಡಿ. ಅತ್ತೆ ತೀರಿಕೊಂಡು ಮೂರು ವರ್ಷ ಆಯ್ತು."